ಎರಡು ಪ್ರೊಸೆಸರಿನ ಮೈಕ್ರೊಕಂಟ್ರೋಲರ್ ಬೋರ್ಡಿನ ಹಾರ್ಡ್‌ವೇರ್ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ನಾವು ಮೂವರು ಕೂಡಿ ಮಾಡಿರುವ ಈ ಡೆವಲಪ್‌ಮೆಂಟ್ ಬೋರ್ಡಿನಲ್ಲಿ ಎರಡು ಪ್ರೊಸೆಸರ್‌ಗಳಿವೆ. ಸೆನ್ಸರು, ರಿಲೇ, ಮೋಟಾರುಗಳನ್ನು ನೋಡಿಕೊಳ್ಳುವುದು ಆರ್‌ಪಿ2040. ವೈಫೈ ನೋಡಿಕೊಳ್ಳುವುದು ಇಎಸ್‌ಪಿ32-ಸಿ3 ಮಾಡ್ಯೂಲ್ (ಮುಂದೆ ಚಿಕ್ಕದಾಗಿ ಸಿ3). ಬನಹಟ್ಟಿಯ ಮಗ್ಗದ ಮಾಲೀಕರು, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಮತ್ತು ಸುತ್ತಲಿನ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ನಮ್ಮನ್ನು ಮೇಲಿಂದ ಮೇಲೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇವೆ. ಇವೆಲ್ಲ ಹಾರ್ಡ್‌ವೇರಿಗೆ ಸಂಬಂಧಿಸಿದವು. ಪ್ರೋಗ್ರಾಮಿಂಗಿನ ಪ್ರಶ್ನೆಗಳನ್ನು ಇಲ್ಲಿ ಸೇರಿಸಿಲ್ಲ.

ಆರ್‌ಪಿ2040ರಲ್ಲಿಯೇ ಎರಡು ಕೋರ್‌ಗಳಿರುವಾಗ ಇನ್ನೊಂದು ಚಿಪ್ ಏಕೆ ಬೇಕಾಯಿತು?

2021ರ ಜನವರಿಯಲ್ಲಿ ಬಂದ ಆರ್‌ಪಿ2040ರಲ್ಲಿ 133 ಮೆಗಾಹರ್ಟ್ಸ್ ವೇಗದ ಎರಡು ಕಾರ್ಟೆಕ್ಸ್-ಎಂ0+ ಕೋರ್‌ಗಳೂ (ಲೆಕ್ಕ ಮಾಡುವ ಘಟಕಗಳು) 264 ಕಿಲೊಬೈಟ್ ರ‍್ಯಾಮೂ ಇರುವುದು ನಿಜ. ಆದರೆ ಆ ಎರಡೂ ಕೋರ್‌ಗಳಿಗೆ ವಿದ್ಯುತ್ ಒಂದೇ, ರೀಸೆಟ್ ಒಂದೇ, ಹೊರಗಿನ ಫ್ಲ್ಯಾಶ್ ಮೆಮೊರಿಯೂ ಒಂದೇ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ, ಒಂದು ಕುಸಿದರೆ ಇನ್ನೊಂದು ನಿಲ್ಲಲೇಬೇಕು. 2016ರ ಇಎಸ್‌ಪಿ32ರಲ್ಲಿ 240 ಮೆಗಾಹರ್ಟ್ಸಿನ ಎರಡು ಎಲ್‌ಎಕ್ಸ್6 ಕೋರ್‌ಗಳಿವೆ, ಎಸ್‌ಟಿಎಂ32ಎಚ್745ರಲ್ಲಿ 480 ಮೆಗಾಹರ್ಟ್ಸಿನ ಎಂ7 ಜೊತೆಗೆ 240 ಮೆಗಾಹರ್ಟ್ಸಿನ ಎಂ4 ಇದೆ. ಲೆಕ್ಕಾಚಾರದ ವೇಗವೇ ಮುಖ್ಯವಾದ ಕೆಲಸಕ್ಕೆ ಅವು ಸರಿಯಾದ ಆಯ್ಕೆಗಳು. ನಮಗೆ ವೇಗ ಮುಖ್ಯವಲ್ಲ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಪಿಕ್ (ಅಡ್ಡ ನೂಲಿನ ಒಂದು ಎಳೆ) ಹೊಡೆಯುವ ಮಗ್ಗದ ಎಣಿಕೆಗೆ ಒಂದು ಕೋರಿನ ಸಣ್ಣ ಪಾಲೂ ಸಾಕು. ನಮಗೆ ಬೇಕಾದದ್ದು ರೌಟರ್ ಕೈಕೊಟ್ಟು ವೈಫೈ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಾಗಲೂ ಎಣಿಕೆ ತಪ್ಪದಿರುವುದು, ಪಂಪು ತನ್ನ ಪಾಡಿಗೆ ನಡೆಯುತ್ತಿರುವುದು. ಮುಂದೆ ನೀವು ಓದುವ ಬಹುತೇಕ ನಿರ್ಧಾರಗಳು ಈ ಒಂದು ಬೇಡಿಕೆಯಿಂದಲೇ ಹುಟ್ಟಿವೆ.

ಇಂಥ ಜೋಡಣೆ ಹೊಸದೇನಲ್ಲ. ಆರ್ಡುಯಿನೊ ಸಂಸ್ಥೆ 2013ರ ಯೂನ್ ಬೋರ್ಡಿನಲ್ಲಿಯೂ 2023ರ ಯುನೊ ಆರ್4 ವೈಫೈ ಬೋರ್ಡಿನಲ್ಲಿಯೂ ಎರಡು ಬೇರೆ ಚಿಪ್‌ಗಳನ್ನು ಕೂಡಿಸಿದೆ. ಆರ್4ರಲ್ಲಿ ಮುಖ್ಯ ಚಿಪ್ 5 ವೋಲ್ಟಿನದು, ವೈಫೈ ಚಿಪ್ 3.3 ವೋಲ್ಟಿನದು, ಆದ್ದರಿಂದ ನಡುವೆ ಮಟ್ಟ ಬದಲಿಸುವ ಚಿಪ್ ಬೇಕಾಗುತ್ತದೆ. ನಮ್ಮಲ್ಲಿ ಎರಡೂ 3.3 ವೋಲ್ಟಿನವೇ ಆಗಿರುವುದರಿಂದ ಆ ಖರ್ಚು ಉಳಿದಿದೆ.

ಅಂದರೆ ಬೋರ್ಡಿನಲ್ಲಿ ಒಟ್ಟು ಮೂರು ಕೋರ್‌ಗಳಿವೆಯೇ?

ಹೌದು. ಸಿ3ರಲ್ಲಿ ಇರುವುದು 160 ಮೆಗಾಹರ್ಟ್ಸಿನ ಒಂದೇ ರಿಸ್ಕ್-ವಿ ಕೋರ್.

ಪ್ರತಿ ಪ್ರೊಸೆಸರಿಗೂ ಬೇರೆ ರೆಗ್ಯುಲೇಟರ್ ಕೊಡುವ ಅಗತ್ಯವಿತ್ತೇ?

ಮೊದಲ ಆವೃತ್ತಿಯಲ್ಲಿ ನಾವೂ ಒಂದೇ ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಚಿಪ್) ಹಾಕಿದ್ದೆವು. ಯುಎಸ್‌ಬಿಯ 5 ವೋಲ್ಟ್ ಒಂದು ಶಾಟ್ಕಿ ಡಯೋಡ್ ದಾಟಿ, 1117 ಜಾತಿಯ ರೆಗ್ಯುಲೇಟರಿಗೆ ಹೋಗಿ, ಅಲ್ಲಿಂದ 3.3 ವೋಲ್ಟ್ ಆಗಿ ಎರಡೂ ಚಿಪ್‌ಗಳಿಗೆ ಹಂಚಿಕೆಯಾಗುತ್ತಿತ್ತು. ಮೇಜಿನ ಮೇಲೆ ವಾರಗಟ್ಟಲೆ ಚೆನ್ನಾಗಿ ನಡೆದ ಬೋರ್ಡು ತಿಕೋಟಾ ಬಳಿಯ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ದಿನಕ್ಕೆ ಒಂದೆರಡು ಸಲ ಕಲ್ಲಾಗಿ ಕುಳಿತುಬಿಡುತ್ತಿತ್ತು. ಚಾಲೂ ಇದ್ದ ರಿಲೇ ಚಾಲೂ ಆಗಿಯೇ ಉಳಿಯುತ್ತಿತ್ತು, ಗುಂಡಿ ಒತ್ತಿದರೆ ಉತ್ತರವಿರಲಿಲ್ಲ. ಬೆಳಗಾವಿಗೆ ತಂದು ಪರೀಕ್ಷಿಸಿದರೆ ದೋಷವೇ ಕಾಣದು. ಕೊನೆಗೆ ಶೆಡ್ಡಿನಲ್ಲಿದ್ದ ಅದೇ ಚಾರ್ಜರನ್ನು, ಅದರ ಎರಡು ಮೀಟರ್ ಉದ್ದದ ತೆಳು ಕೇಬಲ್ ಸಮೇತ ತರಿಸಿ, ಆಸಿಲೋಸ್ಕೋಪನ್ನು 3 ವೋಲ್ಟಿಗಿಂತ ಕೆಳಗಿಳಿದಾಗ ಮಾತ್ರ ಹಿಡಿಯುವಂತೆ ಇಟ್ಟು ಕಾಯ್ದಾಗ ತೆರೆಯ ಮೇಲೆ ಒಂದು ತಗ್ಗು ಬಿದ್ದದ್ದು ಕಾಣಿಸಿತು: ವೈಫೈ ಪ್ರಸಾರ ಮಾಡಿದ ಗಳಿಗೆಯಲ್ಲಿ 3.3 ವೋಲ್ಟ್ ಇದ್ದದ್ದು 2.5ರ ಹತ್ತಿರ ಕುಸಿದು, ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಮೇಲೆದ್ದಿತ್ತು.

ಲೆಕ್ಕ ಹಾಕಿದರೆ ಇದು ಆಗಲೇಬೇಕಾದದ್ದು. ಸಿ3 ಪ್ರಸಾರ ಮಾಡುವಾಗ ಗರಿಷ್ಠ 335 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ. ತೆಳು ಕೇಬಲ್ಲಿನ ಕೊನೆಗೆ 5 ವೋಲ್ಟ್ ಹೋಗಿ 4.5 ಉಳಿದರೆ, ಡಯೋಡಿನಲ್ಲಿ ಇನ್ನೂ 0.3 ಕಳೆದು 4.2 ಆಗುತ್ತದೆ, 1117 ರೆಗ್ಯುಲೇಟರಿಗೆ ತನ್ನ ಪಾಲಿಗೆ ಒಳಗೆ ಬರುವ ಮತ್ತು ಹೊರಗೆ ಕೊಡುವ ವೋಲ್ಟೇಜಿನ ನಡುವೆ ಒಂದು ವೋಲ್ಟಿಗಿಂತ ಹೆಚ್ಚು ಅಂತರ ಬೇಕು. ಉಳಿಯುವುದು 3.1 ವೋಲ್ಟ್, ಅದರ ಮೇಲೆ ಹಠಾತ್ ಎಳೆತ.

ಕುಸಿತಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ್ದು, ಆರ್‌ಪಿ2040 ಏಕೆ ರೀಸೆಟ್ ಆಗಲಿಲ್ಲ ಎಂಬ ಪ್ರಶ್ನೆ. ಅದರೊಳಗಿನ ಬ್ರೌನ್‌ಔಟ್ (ವೋಲ್ಟೇಜ್ ಕುಸಿತ) ಪತ್ತೆ ಮಾಡುವ ಭಾಗವು ಕಾಯುವುದು ಕೋರಿನ 1.1 ವೋಲ್ಟನ್ನು, ಹೊರಗಿನ 3.3 ವೋಲ್ಟನ್ನಲ್ಲ. ಹೊರಗೆ 2.5ಕ್ಕೆ ಇಳಿದರೂ ಒಳಗಿನ ರೆಗ್ಯುಲೇಟರ್ 1.1 ವೋಲ್ಟನ್ನು ಆರಾಮಾಗಿ ಕೊಡುತ್ತಿರುತ್ತದೆ. ಆದರೆ ಪ್ರೋಗ್ರಾಂ ಇರುವ ಫ್ಲ್ಯಾಶ್ ಚಿಪ್ಪಿಗೆ ಕನಿಷ್ಠ 2.7 ವೋಲ್ಟ್ ಬೇಕು. ಹೀಗಾಗಿ ಫ್ಲ್ಯಾಶ್ ತಪ್ಪು ಓದನ್ನು ಕೊಡುತ್ತದೆ, ಪ್ರೊಸೆಸರ್ ಆ ಕಸವನ್ನೇ ಆಜ್ಞೆಯೆಂದು ನಂಬಿ ದಾರಿ ತಪ್ಪುತ್ತದೆ. ಅದು ಸತ್ತೂ ಇರಲಿಲ್ಲ, ಬದುಕಿಯೂ ಇರಲಿಲ್ಲ.

ಈಗಿನ ಆವೃತ್ತಿಯಲ್ಲಿ ಸಿ3ಗೆ ಒಂದು ಬಕ್ ಕನ್ವರ್ಟರ್ (ಹೆಚ್ಚು ಶಾಖವಿಲ್ಲದೆ ವೋಲ್ಟೇಜ್ ಇಳಿಸುವ ಸ್ವಿಚಿಂಗ್ ರೆಗ್ಯುಲೇಟರ್), ಆರ್‌ಪಿ2040 ಮತ್ತು ಅದರ ಫ್ಲ್ಯಾಶಿಗೆ ಪ್ರತ್ಯೇಕವಾದ ಕಡಿಮೆ ಅಂತರದ ರೆಗ್ಯುಲೇಟರ್ ಇವೆ. ಇದಲ್ಲದೆ 3.3 ವೋಲ್ಟ್ 2.93ಕ್ಕಿಂತ ಕೆಳಗಿಳಿದರೆ ಆರ್‌ಪಿ2040ರ ರೀಸೆಟ್ ಪಿನ್ನಾದ ರನ್ ಪಿನ್ನನ್ನು ಕೆಳಗೆ (ಸೊನ್ನೆ ವೋಲ್ಟಿನತ್ತ) ಎಳೆದು ರೀಸೆಟ್ ಮಾಡುವ ಮೂರು ಕಾಲಿನ ಸೂಪರ್‌ವೈಸರ್ ಚಿಪ್ ಹಾಕಿದ್ದೇವೆ. ಅದು ಓಪನ್ ಡ್ರೇನ್ (ಗೆರೆಯನ್ನು ಕೆಳಗೆ ಮಾತ್ರ ಎಳೆಯುವ, ಮೇಲಕ್ಕೆ ತಳ್ಳದ) ಬಗೆಯದೇ ಆಗಿರಬೇಕು. ಇಲ್ಲವಾದರೆ ಅದೇ ಪಿನ್ನಿಗೆ ಜೋಡಿಸಿದ ರೀಸೆಟ್ ಗುಂಡಿಯೊಂದಿಗೆ ಜಗಳಕ್ಕೆ ಬೀಳುತ್ತದೆ.

ಎರಡೂ ಕಡೆ ಅಗ್ಗದ ಲೀನಿಯರ್ ರೆಗ್ಯುಲೇಟರೇ ಸಾಲದೇ?

ಆರ್‌ಪಿ2040ರ ಕಡೆ ಸಾಕು. ಅಲ್ಲಿ ಎಳೆತ 50 ಮಿಲಿಆಂಪಿಯರ್ ಎಂದುಕೊಂಡರೂ 1.7 ವೋಲ್ಟ್ ಅಂತರಕ್ಕೆ 0.085 ವ್ಯಾಟ್ ಶಾಖವಷ್ಟೇ ಹುಟ್ಟುತ್ತದೆ, ಜೊತೆಗೆ ಎಡಿಸಿಗೆ (ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಶಾಂತವಾದ ವಿದ್ಯುತ್ ಸಿಗುತ್ತದೆ. ವೈಫೈ ಕಡೆ ಎಡೆಬಿಡದೆ ಪ್ರಸಾರ ನಡೆದರೆ ಅದು ಸುಮಾರು 0.57 ವ್ಯಾಟ್ ಆಗುತ್ತದೆ. ಅಕ್ಕಿಕಾಳಿನಷ್ಟು ದೊಡ್ಡ ಐದು ಕಾಲಿನ ಪ್ಯಾಕೇಜಿನಲ್ಲಿ ವ್ಯಾಟಿಗೆ ಸುಮಾರು 200 ಡಿಗ್ರಿ ಏರಿಕೆ ಎಂದು ಹಿಡಿದರೆ ನೂರು ಡಿಗ್ರಿ ದಾಟಿತು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯ ಒಳಗಿನ ಗಾಳಿಯೇ ಕೈ ಇಡಲಾರದಷ್ಟು ಕಾದಿರುವಾಗ ಅದರ ಮೇಲೆ ಇನ್ನು ನೂರು ಡಿಗ್ರಿಯನ್ನು ಯಾವ ಚಿಪ್ಪೂ ತಾಳದು.

ಮಾಡ್ಯೂಲಿನ ಪಕ್ಕದಲ್ಲಿ 22 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡುವಾಗ ಒಂದು ಎಚ್ಚರ ಬೇಕು. ಚಿಕ್ಕ ಗಾತ್ರದ ಸೆರಾಮಿಕ್ ಕೆಪಾಸಿಟರ್‌ಗಳ ಸಾಮರ್ಥ್ಯ ಅವುಗಳ ಮೇಲೆ ವೋಲ್ಟೇಜ್ ಬಿದ್ದಾಗ ಗಣನೀಯವಾಗಿ ಇಳಿಯುತ್ತದೆ. ಮೈಮೇಲೆ 22 ಎಂದಿದ್ದರೂ ಕೆಲಸದಲ್ಲಿ ಅಷ್ಟು ಇರುವುದಿಲ್ಲ. ಆದ್ದರಿಂದ ನಾವು ದೊಡ್ಡ ಗಾತ್ರದ, 10 ವೋಲ್ಟಿನ ಎರಡನ್ನು ಹಾಕುತ್ತೇವೆ.

ಎರಡು ಪ್ರೊಸೆಸರ್‌ಗಳ ನಡುವೆ ಎಷ್ಟು ತಂತಿಗಳಿವೆ, ಎಸ್‌ಪಿಐ ಏಕೆ ಬಳಸಿಲ್ಲ?

ಆರು ಗೆರೆಗಳಿವೆ: ಯುಎಆರ್‌ಟಿ ಎಂಬ ಸೀರಿಯಲ್ ಸಂಪರ್ಕದ ಟಿಎಕ್ಸ್ (ಕಳಿಸುವುದು), ಆರ್‌ಎಕ್ಸ್ (ಪಡೆಯುವುದು), ಅವುಗಳ ಜೊತೆಗೆ ಈಗ ಕಳಿಸಬಹುದೇ ಎಂದು ತಿಳಿಸುವ ಆರ್‌ಟಿಎಸ್, ಸಿಟಿಎಸ್, ಮತ್ತು ಸಿ3ಯ ಇಎನ್ (ರೀಸೆಟ್) ಹಾಗೂ ಜಿಪಿಐಒ9 (ಬೂಟ್ ಬಗೆ ಆರಿಸುವ) ಪಿನ್ನುಗಳಿಗೆ ಹೋಗುವ ಎರಡು. ಚಿಪ್‌ಗಳ ನಡುವಿನ ಇನ್ನೊಂದು ಬಗೆಯ ಸಂಪರ್ಕವಾದ ಎಸ್‌ಪಿಐ ವೇಗವಾದದ್ದು ಹೌದು, ಆದರೆ ಅಲ್ಲಿ ಮಾಸ್ಟರ್ ಕೇಳಿದಾಗ ಮಾತ್ರ ಸ್ಲೇವ್ ಮಾತಾಡಬಹುದು. ‘ನನ್ನಲ್ಲಿ ಹೇಳುವುದಿದೆ’ ಎಂದು ತಿಳಿಸಲು ಮತ್ತೊಂದು ತಂತಿ ಬೇಕು. 921600 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ಯುಎಆರ್‌ಟಿ ಸೆಕೆಂಡಿಗೆ ಸುಮಾರು 92 ಸಾವಿರ ಬೈಟ್ ಸಾಗಿಸುತ್ತದೆ. ಮಗ್ಗದ ಲೆಕ್ಕ, ಮೋಟಾರಿನ ಕರೆಂಟು, ಟ್ಯಾಂಕಿನ ಮಟ್ಟ ಇವೆಲ್ಲ ಕೂಡಿದರೂ ಅದರ ಮೂಲೆಯಲ್ಲಿ ಕುಳಿತುಕೊಳ್ಳುತ್ತವೆ.

ಆರ್‌ಪಿ2040ರ ಕಡೆ ಜಿಪಿಐಒ 4ರಿಂದ 7ರವರೆಗಿನ ಪಿನ್ನುಗಳು ಕ್ರಮವಾಗಿ ಯುಎಆರ್‌ಟಿ1ರ ಟಿಎಕ್ಸ್, ಆರ್‌ಎಕ್ಸ್, ಸಿಟಿಎಸ್, ಆರ್‌ಟಿಎಸ್ ಆಗುತ್ತವೆ. ಸಿ3ಯ ಕಡೆ ಮಾತ್ರ 20 ಮತ್ತು 21ನೆಯ ಪಿನ್ನುಗಳನ್ನು ಬಿಟ್ಟುಬಿಡಿ. ಅದು ಎದ್ದ ಕೂಡಲೇ ತನ್ನ ಬೂಟ್ ಸಂದೇಶಗಳನ್ನು 115200 ಬಾಡ್‌ನಲ್ಲಿ 21ನೆಯ ಪಿನ್ನಿನಿಂದಲೇ ಒದರುತ್ತದೆ. ಆ ಪಿನ್ನನ್ನೇ ಜೋಡಿಸಿದರೆ ಪ್ರತಿ ರೀಸೆಟ್ಟಿಗೂ ಆರ್‌ಪಿ2040 ಅರ್ಥವಿಲ್ಲದ ಅಕ್ಷರಗಳನ್ನು ನುಂಗಬೇಕಾಗುತ್ತದೆ. ಯುಎಆರ್‌ಟಿಯನ್ನು ಬೇರೆ ಪಿನ್ನುಗಳಿಗೆ ತಿರುಗಿಸುವ ಸೌಲಭ್ಯ ಸಿ3ಯಲ್ಲಿ ಇರುವುದರಿಂದ ತೊಂದರೆಯಿಲ್ಲ.

ಸಿ3ಯ ವಿದ್ಯುತ್ ತೆಗೆದರೂ ಅದರ 3.3 ವೋಲ್ಟ್ ಗೆರೆಯಲ್ಲಿ ಒಂದೂವರೆ ಎರಡು ವೋಲ್ಟ್ ಕಾಣುತ್ತದೆ. ಬೋರ್ಡು ಕೆಟ್ಟಿದೆಯೇ?

ಕೆಟ್ಟಿಲ್ಲ. ಎರಡು ರೆಗ್ಯುಲೇಟರ್ ಇಟ್ಟದ್ದಕ್ಕೆ ತೆರಬೇಕಾದ ಬೆಲೆ ಇದು. ಆರ್‌ಪಿ2040ರ ಟಿಎಕ್ಸ್ ಪಿನ್ನು ಸುಮ್ಮನಿದ್ದಾಗ 3.3 ವೋಲ್ಟಿನಲ್ಲಿಯೇ ನಿಂತಿರುತ್ತದೆ; ಆ ವಿದ್ಯುತ್ ಸಿ3ಯ ಪಿನ್ನಿನ ಒಳಗಿರುವ ರಕ್ಷಣಾ ಡಯೋಡಿನ ಮೂಲಕ ಹಿಂಬಾಗಿಲಿನಿಂದ ಅದರ ವಿದ್ಯುತ್ ಗೆರೆಗೆ ನುಗ್ಗುತ್ತದೆ. ಅರೆಜೀವದಲ್ಲಿರುವ ಸಿ3 ಮತ್ತೆ ವಿದ್ಯುತ್ ಬಂದಾಗ ಸರಿಯಾಗಿ ರೀಸೆಟ್ ಆಗದೇ ಉಳಿಯಬಹುದು, ಡಯೋಡೂ ಬೆಂದು ಹೋಗಬಹುದು. ಇದಕ್ಕಾಗಿ ನಾಲ್ಕೂ ಯುಎಆರ್‌ಟಿ ಗೆರೆಗಳಲ್ಲಿ 1 ಕಿಲೊಓಮಿನ ರೆಸಿಸ್ಟರ್ ಇದೆ. ಆಗ ಒಂದು ಗೆರೆಯಿಂದ ಹೆಚ್ಚೆಂದರೆ 2.7 ಮಿಲಿಆಂಪಿಯರ್ ನುಗ್ಗೀತು, 921600 ಬಾಡ್ ವೇಗಕ್ಕೂ ಧಕ್ಕೆಯಿಲ್ಲ. ಆದರೂ ನಮ್ಮ ಸಲಹೆಯೆಂದರೆ ಸಿ3ಯನ್ನು ಮಲಗಿಸಬೇಕಾದಾಗ ವಿದ್ಯುತ್ ಕತ್ತರಿಸಬೇಡಿ, ಇಎನ್ ಪಿನ್ನನ್ನು ಕೆಳಗೆ ಹಿಡಿಯಿರಿ. ಬ್ಯಾಟರಿ ಉಳಿಸಲು ಕತ್ತರಿಸಲೇಬೇಕೆಂದರೆ ಮೊದಲು ಆರ್‌ಪಿ2040ರ ಆ ಪಿನ್ನುಗಳನ್ನು ಇನ್‌ಪುಟ್ ಮಾಡಿ, ಆಮೇಲೆ ಕತ್ತರಿಸಿ.

ಆರ್‌ಪಿ2040 ಸಿ3ಯನ್ನು ರೀಸೆಟ್ ಮಾಡಬಲ್ಲದು. ಸಿ3 ಆರ್‌ಪಿ2040ನ್ನು ಏಕೆ ರೀಸೆಟ್ ಮಾಡಬಾರದು?

ಬೇಕೆಂದೇ ಹಾಗೆ ಇಟ್ಟಿದ್ದೇವೆ. ಜಾಲಕ್ಕೆ ಮುಖಮಾಡಿ ಕುಳಿತಿರುವುದು ಸಿ3. ಹೊರಗಿನವರು ಒಳಬರುವುದಾದರೆ ಅದರ ಮೂಲಕವೇ ಬರಬೇಕು. ಮನೆಯ ಬಾಗಿಲು ಕಾಯುವವನ ಕೈಗೆ ಪಂಪಿನ ಸ್ವಿಚ್ಚನ್ನೂ ಕೊಡುವುದು ನಮಗೆ ಸರಿ ಕಾಣಲಿಲ್ಲ. ಆರ್‌ಪಿ2040 ಇಎನ್ ಪಿನ್ನನ್ನು ಕೆಳಗೆಳೆದು ಸಿ3ಯನ್ನು ರೀಸೆಟ್ ಮಾಡಬಹುದು, ಜಿಪಿಐಒ9ನ್ನೂ ಹಿಡಿದು ಅದಕ್ಕೆ ಹೊಸ ಪ್ರೋಗ್ರಾಂ ತುಂಬುವ ಸ್ಥಿತಿಗೂ ತರಬಹುದು. ಆಗ ಜಿಪಿಐಒ8 ಮೇಲಿರಬೇಕಾದ್ದರಿಂದ ಅಲ್ಲಿ 10 ಕಿಲೊಓಮಿನ ಪುಲ್‌ಅಪ್ (ಗೆರೆಯನ್ನು ಮೇಲೆ ಹಿಡಿಯುವ ರೆಸಿಸ್ಟರ್) ಇದೆ. ಇಎನ್ ಪಿನ್ನಿಗೆ 10 ಕಿಲೊಓಮ್ ಮತ್ತು 1 ಮೈಕ್ರೊಫ್ಯಾರಡ್ ಜೋಡಿ ಇರುವುದರಿಂದ, ಕೈಬಿಟ್ಟ ಮೇಲೆ ಅದು ಮೇಲೇರಲು ಹತ್ತು ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಪ್ರೋಗ್ರಾಂ ಬರೆಯುವವರು ಇದನ್ನು ಮರೆತು ‘ಸಿ3 ಉತ್ತರಿಸುತ್ತಿಲ್ಲ’ ಎಂದು ನಮಗೆ ಫೋನ್ ಮಾಡುತ್ತಾರೆ. ಉಲ್ಟಾ ದಿಕ್ಕಿನ ಸಂಪರ್ಕ ಬೇಕೇ ಬೇಕು ಎನ್ನುವವರಿಗೆ ಬೋರ್ಡಿನ ಹಿಂಬದಿಯಲ್ಲಿ ತೆರೆದ ಸೋಲ್ಡರ್ ಜಂಪರ್ ಇದೆ. ಆರ್‌ಪಿ2040 ಸಿಕ್ಕಿಬಿದ್ದರೆ ಎಬ್ಬಿಸಲು ಅದರದೇ ವಾಚ್‌ಡಾಗ್ (ಪ್ರೋಗ್ರಾಂ ಸುಮ್ಮನಾದರೆ ರೀಸೆಟ್ ಮಾಡುವ ಟೈಮರ್) ಇದೆ.

ಎರಡು ಯುಎಸ್‌ಬಿ ಪೋರ್ಟುಗಳ ಬದಲು ಒಂದು ಸಾಲದೇ?

ಒಂದೇ ಸಾಕೆಂದರೆ ನಡುವೆ ಹಬ್ ಚಿಪ್ ಬೇಕು. ಅದು ಕೆಟ್ಟ ದಿನ ಎರಡೂ ಪ್ರೊಸೆಸರ್‌ಗಳು ಕೈಗೆ ಸಿಗುವುದಿಲ್ಲ. ಸಿ3ಯಲ್ಲಿ ಯುಎಸ್‌ಬಿ ಒಳಗೇ ಇರುವುದರಿಂದ, ಜಿಪಿಐಒ 18 ಮತ್ತು 19ನ್ನು ನೇರ ಪೋರ್ಟಿಗೆ ತಂದರೆ ಬೇರೆ ಸೀರಿಯಲ್ ಚಿಪ್ಪೂ ಬೇಕಿಲ್ಲ. ಆರ್‌ಪಿ2040ರ ಎರಡು ಯುಎಸ್‌ಬಿ ಗೆರೆಗಳಲ್ಲಿ 27 ಓಮಿನ ರೆಸಿಸ್ಟರ್‌ಗಳು ಚಿಪ್ಪಿಗೆ ಆದಷ್ಟು ಹತ್ತಿರ ಇರಬೇಕು. ಎರಡೂ ಪೋರ್ಟುಗಳ 5 ವೋಲ್ಟ್ ನೇರವಾಗಿ ಕೂಡಬಾರದು, ಒಂದು ಕಂಪ್ಯೂಟರಿನ ವಿದ್ಯುತ್ ಇನ್ನೊಂದಕ್ಕೆ ನುಗ್ಗುತ್ತದೆ. ಪ್ರತಿಯೊಂದಕ್ಕೂ ಡಯೋಡ್ ಇದೆ.

ಟೈಪ್-ಸಿ ಪೋರ್ಟಿನಲ್ಲಿ ಜೋಡಣೆಯನ್ನು ಗುರುತಿಸುವ ಸಿಸಿ1, ಸಿಸಿ2 ಪಿನ್ನುಗಳಿಗೆ 5.1 ಕಿಲೊಓಮಿನ ಬೇರೆ ಬೇರೆ ರೆಸಿಸ್ಟರ್ ಹಾಕಿರಿ. ಎರಡಕ್ಕೂ ಸೇರಿಸಿ ಒಂದನ್ನೇ ಹಾಕಿದ್ದರಿಂದ 2019ರ ಮೊದಲ ರಾಸ್ಪ್‌ಬೆರಿ ಪೈ 4 ಬೋರ್ಡುಗಳು ಕೆಲವು ಕೇಬಲ್‌ಗಳಲ್ಲಿ ವಿದ್ಯುತ್ತನ್ನೇ ಪಡೆಯುತ್ತಿರಲಿಲ್ಲ. ಒಂದು ರೆಸಿಸ್ಟರ್ ಉಳಿಸುವ ಆಸೆ ವಿದ್ಯಾರ್ಥಿಗಳಿಗಷ್ಟೇ ಇರುವುದಿಲ್ಲ.

ಕ್ರಿಸ್ಟಲ್ ಪಕ್ಕದ ಕೆಪಾಸಿಟರ್ 15 ಪಿಕೊಫ್ಯಾರಡ್ ಎಂದು ಹೇಗೆ ಬಂತು? ಅಂಗಡಿಯಲ್ಲಿ 22 ಸಿಕ್ಕಿದೆ.

ಆರ್‌ಪಿ2040ಕ್ಕೆ ಗಡಿಯಾರದ ಮಿಡಿತ ಕೊಡುವ 12 ಮೆಗಾಹರ್ಟ್ಸಿನ ಕ್ರಿಸ್ಟಲ್ 10 ಪಿಕೊಫ್ಯಾರಡ್ ಹೊರೆ ಬಯಸುವಂಥದ್ದು. ಅದರ ಎರಡು ಕಾಲಿಗೆ ಒಂದೊಂದು 15ರ ಕೆಪಾಸಿಟರ್ ಹಾಕಿದರೆ ಕ್ರಿಸ್ಟಲಿನ ಕಣ್ಣಿಗೆ ಅವು ಸರಣಿಯಲ್ಲಿ ಕಂಡು 7.5 ಆಗುತ್ತವೆ; ಗೆರೆಗಳೂ ಪಿನ್ನುಗಳೂ ಸೇರಿ 3ರಷ್ಟು ಕೊಡುತ್ತವೆ; ಒಟ್ಟು 10.5. ಅಲ್ಲಿ 22 ಹಾಕಿದರೆ 14 ಆಗುತ್ತದೆ. ಆಗ ಆವರ್ತನ ಸ್ವಲ್ಪ ಜಾರುತ್ತದೆ, ಚಳಿಗಾಲದ ಬೆಳಗಿನಲ್ಲಿ ಆಂದೋಲನ ಆರಂಭವಾಗಲು ತಡವೂ ಆಗಬಹುದು. ನಿಮ್ಮ ಕ್ರಿಸ್ಟಲ್ ಬೇರೆಯದಾದರೆ ಅದರ ಮಾಹಿತಿಪತ್ರದ ಹೊರೆಯ ಅಂಕಿ ನೋಡಿ ಇದೇ ಲೆಕ್ಕ ಹಾಕಿರಿ. ಕ್ರಿಸ್ಟಲಿಗೆ ಹೋಗುವ ಔಟ್‌ಪುಟ್ ಗೆರೆಯಲ್ಲಿ 1 ಕಿಲೊಓಮಿನ ರೆಸಿಸ್ಟರನ್ನು ಬಿಡಬೇಡಿ.

ಎರಡು ಪದರದ ಪಿಸಿಬಿಯಲ್ಲಿ ಇದನ್ನು ಮಾಡಬಹುದೇ?

ಆರ್‌ಪಿ2040 ಒಂದೇ ಆದರೆ ಮಾಡಬಹುದು. ಅದರ ಯುಎಸ್‌ಬಿ ವೇಗ 12 ಮೆಗಾಬಿಟ್ ಮಾತ್ರ. ಆದರೆ 7 ಮಿಲಿಮೀಟರ್ ಚೌಕದಲ್ಲಿ 56 ಪಿನ್ನುಗಳಿರುವ ಚಿಪ್ಪಿನ ಸುತ್ತ ಆರು ಐಒ ವಿದ್ಯುತ್ ಪಿನ್ನುಗಳಿಗೆ ಒಂದೊಂದು 100 ನ್ಯಾನೊಫ್ಯಾರಡ್, ಒಳ ರೆಗ್ಯುಲೇಟರಿನ ಒಳಬಾಗಿಲಿಗೂ ಹೊರಬಾಗಿಲಿಗೂ 1 ಮೈಕ್ರೊಫ್ಯಾರಡ್ ಇಟ್ಟು, ಫ್ಲ್ಯಾಶಿನ ಗೆರೆಗಳನ್ನು ಗಿಡ್ಡವಾಗಿ ಎಳೆದು, ಅದರ ಮೇಲೆ ಬಕ್ ಕನ್ವರ್ಟರನ್ನೂ ರೇಡಿಯೊವನ್ನೂ ಕೂರಿಸುವ ಹೊತ್ತಿಗೆ ಕೆಳಪದರದ ಗ್ರೌಂಡ್ ಚೂರುಚೂರಾಗಿರುತ್ತದೆ. ನಾವು ನಾಲ್ಕು ಪದರ ಬಳಸಿ, ಎರಡನೆಯದನ್ನು ಪೂರ್ತಿ ಗ್ರೌಂಡಿಗೇ ಬಿಟ್ಟಿದ್ದೇವೆ. ಆ ಪದರದಲ್ಲಿ ಒಂದು ಗೆರೆಯನ್ನೂ ಎಳೆಯಬೇಡಿ. ಎರಡು ಪ್ರೊಸೆಸರ್‌ಗಳಿಗೆ ಎರಡು ಗ್ರೌಂಡ್ ಮಾಡಿ ಒಂದು ತೆಳು ಸೇತುವೆಯಿಂದ ಕೂಡಿಸುವ ಆಲೋಚನೆ ಅನೇಕರಿಗೆ ಬರುತ್ತದೆ. ನಡುವಿನ ಆರೂ ಗೆರೆಗಳ ಮರಳುವ ಕರೆಂಟು ಸುತ್ತಿ ಬಳಸಿ ಬರುವಂತೆ ಮಾಡುವ ಆಲೋಚನೆ ಅದು.

ಆಂಟೆನಾ ಇರುವ ತುದಿ ಬೋರ್ಡಿನ ಅಂಚಿನಲ್ಲಿಯೇ ಇರಬೇಕು, ಅದರ ಕೆಳಗೆ ಯಾವ ಪದರದಲ್ಲಿಯೂ ತಾಮ್ರ ಇರಬಾರದು, ಸುತ್ತಲೂ 15 ಮಿಲಿಮೀಟರ್ ತೆರವಾಗಿರಬೇಕು. ಇಷ್ಟೆಲ್ಲ ಮಾಡಿ ಬೋರ್ಡನ್ನು ತಗಡಿನ ಸ್ಟಾರ್ಟರ್ ಡಬ್ಬಿಯೊಳಗೆ ಕೂರಿಸಿ ‘ವೈಫೈ ಸಿಗುತ್ತಿಲ್ಲ’ ಎಂದವರಿದ್ದಾರೆ. ಬೋರ್ಡಿಗೆ ಹೊರಗೆ ಪ್ಲಾಸ್ಟಿಕ್ ಡಬ್ಬಿ ಕೊಡಿ.

ಬೋರ್‌ವೆಲ್ ಪಂಪಿನ ಸ್ಟಾರ್ಟರಿಗೆ ಹೇಗೆ ಜೋಡಿಸಬೇಕು?

ಸ್ಟಾರ್ಟರಿನ ಕಾಂಟ್ಯಾಕ್ಟರ್ ಒಮ್ಮೆ ಹಿಡಿದರೆ ತನ್ನದೇ ಹೋಲ್ಡ್ ಕಾಂಟ್ಯಾಕ್ಟಿನಿಂದ ಹಿಡಿದೇ ಇರುತ್ತದೆ. ಈ ಹಳೆಯ ಜಾಣತನವನ್ನು ಹಾಳು ಮಾಡಬೇಡಿ. ಒಂದು ರಿಲೇಯ ಸಾಮಾನ್ಯವಾಗಿ ತೆರೆದಿರುವ ಕಾಂಟ್ಯಾಕ್ಟನ್ನು ಹಸಿರು ಗುಂಡಿಗೆ ಸಮಾಂತರವಾಗಿಯೂ, ಇನ್ನೊಂದರ ಸಾಮಾನ್ಯವಾಗಿ ಮುಚ್ಚಿರುವ ಕಾಂಟ್ಯಾಕ್ಟನ್ನು ಕೆಂಪು ಗುಂಡಿಗೆ ಸರಣಿಯಲ್ಲಿಯೂ ಹಾಕಿ, ಒಂದೆರಡು ಸೆಕೆಂಡ್ ಮಾತ್ರ ಚಾಲೂ ಮಾಡಿದರೆ ಸಾಕು. ಆಗ ಬೋರ್ಡು ರೀಸೆಟ್ ಆದರೂ ನಡೆಯುವ ಪಂಪು ನಿಲ್ಲದು, ಹೆಸ್ಕಾಂ ತ್ರೀ ಫೇಸ್ ಕೊಡುವ ಹೊತ್ತಿನ ನೀರು ವ್ಯರ್ಥವಾಗದು; ಬೋರ್ಡೇ ಇಲ್ಲದಿದ್ದರೂ ರೈತ ಕೈಯಿಂದ ಗುಂಡಿ ಒತ್ತಬಹುದು. ರಿಲೇ ಡ್ರೈವರಿನ ಗೇಟಿಗೆ 10 ಕಿಲೊಓಮಿನ ಪುಲ್‌ಡೌನ್ ಇರುವುದರಿಂದ ರೀಸೆಟ್ ಸಮಯದಲ್ಲಿ ರಿಲೇಗಳು ಅಲುಗುವುದಿಲ್ಲ.

ಇಲ್ಲಿ ಒಂದು ಅಪಾಯವಿದೆ. ತ್ರೀ ಫೇಸ್ ಸ್ಟಾರ್ಟರಿನ ಕಾಯಿಲ್ ಅನೇಕ ಕಡೆ ಎರಡು ಫೇಸ್‌ಗಳ ನಡುವಿನ 415 ವೋಲ್ಟಿನದು. ಮಾರುಕಟ್ಟೆಯಲ್ಲಿ ಸಿಗುವ ನೀಲಿ ಬಣ್ಣದ ಪುಟ್ಟ ರಿಲೇಗಳ ಕಾಂಟ್ಯಾಕ್ಟ್ 250 ವೋಲ್ಟಿಗೆ ಮಾತ್ರ ತಯಾರಾದದ್ದು. ಕಾಯಿಲ್ ಮೇಲಿನ ಬರಹ ಓದಿ, 415 ಇದ್ದರೆ ಅದಕ್ಕೆ ತಕ್ಕ ಕಾಂಟ್ಯಾಕ್ಟಿನ ರಿಲೇಯನ್ನು ಹೊರಗೆ ಬಳಸಿ; ಜೋಡಣೆಯನ್ನು ಪರವಾನಿಗೆ ಇರುವ ವೈರ್‌ಮನ್‌ರಿಂದಲೇ ಮಾಡಿಸಿ. ಕಾಂಟ್ಯಾಕ್ಟರ್ ಬಿಡುವಾಗ ಕಾಯಿಲ್ಲಿನಿಂದ ಏಳುವ ಸಿಡಿಲನ್ನು ಅಡಗಿಸಲು ಅದರ ಎರಡು ತುದಿಗೆ, ಆ ವೋಲ್ಟೇಜಿಗೆ ತಕ್ಕ ರೆಸಿಸ್ಟರ್-ಕೆಪಾಸಿಟರ್ ಸ್ನಬ್ಬರ್ ಹಾಕಿಸಿ.

ಕೈಯಿಂದ ಬೆಸುಗೆ ಹಾಕಲು ಸಾಧ್ಯವೇ?

0.4 ಮಿಲಿಮೀಟರ್ ಅಂತರದ ಪಿನ್ನುಗಳಿಗೆ, ಹೊಟ್ಟೆಯ ಕೆಳಗಿನ ಗ್ರೌಂಡ್ ಪ್ಯಾಡಿಗೆ ಸಾಮಾನ್ಯ ಬೆಸುಗೆ ಕಡ್ಡಿ ಸಾಲದು. ಸ್ಟೆನ್ಸಿಲ್ಲಿನಿಂದ ಪೇಸ್ಟ್ ಹಚ್ಚಿ ಹಾಟ್ ಪ್ಲೇಟಿನ ಮೇಲೆ ಇಡುವುದು ಸುಲಭ. ಮೊಬೈಲ್ ರಿಪೇರಿಯವರ ಹಾಟ್ ಏರ್ ಕೂಡ ನಡೆಯುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಮಾಡುವವರು ಒಂದು ಮಾತು ನೆನಪಿಡಿ: ಸಿ3 ಮಾಡ್ಯೂಲಿನ ಮುಚ್ಚಿದ ಚೀಲ ಒಡೆದ ಮೇಲೆ ಬೆಸುಗೆಗೆ 168 ಗಂಟೆಗಳ ಅವಕಾಶವಿದೆ, ಅದೂ ಒಣ ಕೋಣೆಯ ಲೆಕ್ಕದಲ್ಲಿ. ತೇವ ಹೀರಿದ ಮಾಡ್ಯೂಲನ್ನು ಬೇಯಿಸಿ ಒಣಗಿಸದೆ ಕಾಯಿಸಿದರೆ ಒಳಗೇ ಬಿರಿಯುತ್ತದೆ. ಫೌಂಡ್ರಿಗಳ ಪಕ್ಕದಲ್ಲಿ ಬಳಸುವ ಬೋರ್ಡಿಗೆ ಕಬ್ಬಿಣದ ಧೂಳು ಕೂರದಂತೆ ಕನ್‌ಫಾರ್ಮಲ್ ಲೇಪನ (ತೆಳುವಾದ ರಕ್ಷಣಾ ಪದರ) ಹೊಡೆಯಿರಿ, ಕನೆಕ್ಟರ್‌ಗಳನ್ನು ಮುಚ್ಚಿಕೊಂಡು.

ಇದನ್ನು ಬಳಸಿ ಮಾಡಿದ ಸಾಧನವನ್ನು ಮಾರಲು ಅನುಮತಿ ಬೇಕೇ?

2.4 ಗಿಗಾಹರ್ಟ್ಸ್ ಪಟ್ಟಿ ಬಳಸಲು ನಮ್ಮ ದೇಶದಲ್ಲಿ ಪರವಾನಿಗೆ ಬೇಡ, ಆದರೆ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಇಟಿಎ (ಉಪಕರಣದ ಅನುಮೋದನೆ) ಬೇಕು. ಚಿಪ್ಪಿನ ಬದಲು ಮಾಡ್ಯೂಲ್ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ. ಮಾಡ್ಯೂಲ್ ಕೊಳ್ಳುವಾಗಲೇ ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ.

ಮುಂದಿನ ಆವೃತ್ತಿಯಲ್ಲಿ ಆರ್‌ಪಿ2350 ಬರುತ್ತದೆಯೇ?

2024ರ ಆಗಸ್ಟಿನಲ್ಲಿ ಬಂದ ಆ ಚಿಪ್ಪಿನಲ್ಲಿ 150 ಮೆಗಾಹರ್ಟ್ಸಿನ ಎರಡು ಎಂ33 ಕೋರ್‌ಗಳು ಅಥವಾ ಎರಡು ರಿಸ್ಕ್-ವಿ ಕೋರ್‌ಗಳನ್ನು ಆರಿಸಿಕೊಳ್ಳಬಹುದು, ರ‍್ಯಾಮ್ 520 ಕಿಲೊಬೈಟ್ ಇದೆ. ನಾವು ಪ್ರಯೋಗ ನಡೆಸಿದ್ದೇವೆ, ಆದರೆ ಅದು ಪಿನ್ನಿಗೆ ಪಿನ್ನು ಕೂರುವ ಬದಲಿಯಲ್ಲ. ಕೋರಿನ ವಿದ್ಯುತ್ತಿಗೆ ಒಳಗೇ ಸ್ವಿಚಿಂಗ್ ರೆಗ್ಯುಲೇಟರ್ ಇರುವುದರಿಂದ 3.3 ಮೈಕ್ರೊಹೆನ್ರಿಯ ಇಂಡಕ್ಟರ್ ಹೊರಗೆ ಬೇಕು, ಆ ಇಂಡಕ್ಟರನ್ನು ಯಾವ ಮುಖವಾಗಿ ಕೂರಿಸುತ್ತೇವೆ ಎಂಬುದೂ ಮುಖ್ಯ. ಮೊದಲ ಮಾರುಕಟ್ಟೆ ಆವೃತ್ತಿಯಾದ ಎ2ರಲ್ಲಿ ಇನ್‌ಪುಟ್ ಪಿನ್ನುಗಳು ಒಳಗಿನ ಪುಲ್‌ಡೌನಿಗೆ ಬಗ್ಗದೆ 2.2 ವೋಲ್ಟಿನ ಸುತ್ತ ನಿಂತುಬಿಡುವ ದೋಷವಿತ್ತು, 8.2 ಕಿಲೊಓಮ್ ಅಥವಾ ಅದಕ್ಕಿಂತ ಕಡಿಮೆಯ ಹೊರಗಿನ ಪುಲ್‌ಡೌನ್ ಬೇಕಾಗುತ್ತದೆ. ನಮ್ಮ ರಿಲೇ ಗೆರೆಗಳಲ್ಲಿ ಈಗ ಇರುವುದು 10 ಕಿಲೊಓಮ್. ಆ ಆವೃತ್ತಿಯ ಚಿಪ್ಪನ್ನು ನಮ್ಮ ವಿನ್ಯಾಸದಲ್ಲಿ ಬಳಸಬೇಕೆಂದಿರುವವರು ಮೊದಲು ಆ ರೆಸಿಸ್ಟರ್‌ಗಳನ್ನು 4.7 ಕಿಲೊಓಮಿಗೆ ಬದಲಿಸಿಕೊಳ್ಳಿ.